ಎರಡು ನಿಲ್ದಾಣಗಳ ನಡುವೆ ಮಾತು ನಿಂತಾಗ

ಸಂಪರ್ಕ ಕೆಟ್ಟರೆ ರೈಲು ನಿಲ್ಲುತ್ತದೆ. ಅಪಾಯವಿರುವುದು ಅವಸರದ ದುರಸ್ತಿಯಲ್ಲಿ

ಅರಸೀಕೆರೆ: ಬೇಲೂರು, ಹಳೇಬೀಡುಗಳ ಹೊಯ್ಸಳ ಶಿಲ್ಪವನ್ನು ಕಾಣಲು ರೈಲಿನಲ್ಲಿ ಹೊರಟವರಿಗೆ ಅರಸೀಕೆರೆ ಜಂಕ್ಷನ್ ಹಳೆಯ ಹೆಬ್ಬಾಗಿಲು. ಇಲ್ಲಿ ಇಳಿದು ಜಾವಗಲ್ ಮಾರ್ಗವಾಗಿ ಹೋದರೆ ಹಳೇಬೀಡು, ಅಲ್ಲಿಂದ ಮುಂದಕ್ಕೆ ಬೇಲೂರು. ಈ ಎರಡೂ ಊರುಗಳ ದೇಗುಲಗಳು ಸೋಮನಾಥಪುರದ ದೇಗುಲದೊಂದಿಗೆ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಸಾಗುವ ಹೆದ್ದಾರಿಯಂಥ ರೈಲು ಮಾರ್ಗವೂ, ಹಾಸನದ ಕಡೆಗೆ ತಿರುಗುವ ಕವಲೂ ಕೂಡುವುದು ಈ ಜಂಕ್ಷನ್ನಿನಲ್ಲೇ.

ಇಂತಹ ಯಾವುದೇ ಜಂಕ್ಷನ್ನಿನ ಹೊರಗೆ ರೈಲು ಕೆಲವೊಮ್ಮೆ ಕಾರಣ ತಿಳಿಸದೆ ನಿಂತುಬಿಡುತ್ತದೆ. ಊರಿನ ದೀಪಗಳು ಕಾಣುತ್ತಿರುತ್ತವೆ. ತೆಂಗಿನ ತೋಟಗಳ ನಡುವೆ ಬೋಗಿಗಳು ಮಾತ್ರ ಕದಲುವುದಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ ಕಳೆಯುತ್ತವೆ. ಕೊನೆಯ ಬಸ್ಸು ತಪ್ಪೀತೆಂಬ ಚಿಂತೆ ಪ್ರಯಾಣಿಕರಿಗೆ. ‘ಸಿಗ್ನಲ್ ಸಿಕ್ಕಿಲ್ಲ’ ಎಂಬ ಎರಡು ಪದಗಳ ಆಚೆಗೆ ಯಾರಿಗೂ ವಿವರ ದೊರೆಯುವುದಿಲ್ಲ.

ಆ ಎರಡು ಪದಗಳ ಹಿಂದೆ ಎಷ್ಟೋ ಸಲ ಇರುವುದು ಒಂದು ಸಂಪರ್ಕ ದೋಷ. ಒಂದು ನಿಲ್ದಾಣದ ಯಂತ್ರ ಪಕ್ಕದ ನಿಲ್ದಾಣದ ಯಂತ್ರದೊಂದಿಗೆ ಆಡುತ್ತಿದ್ದ ಮಾತು ನಿಂತುಹೋಗಿರುತ್ತದೆ. ಮಾತು ನಿಂತದ್ದರಿಂದ ಆಗುವ ತೊಂದರೆ ಏನು, ಅದನ್ನು ಸರಿಪಡಿಸುವುದು ಹೇಗೆ, ಸರಿಪಡಿಸುವಾಗ ತಪ್ಪಿದರೆ ಆಗುವ ಅನಾಹುತ ಎಂಥದು ಎಂಬುದನ್ನು ತಿಳಿಯಲು ರಾಜ್ಯದ ಜನ ದೂರ ಹೋಗಬೇಕಿಲ್ಲ. ಅರಸೀಕೆರೆಯಿಂದ ಇದೇ ಹಳಿಯಲ್ಲಿ ಕಡೂರು, ಬೀರೂರು ದಾಟಿ ಉತ್ತರಕ್ಕೆ ಸಾಗಿದರೆ ಸಿಗುವ ಹೊಸದುರ್ಗ ರೋಡ್ ನಿಲ್ದಾಣದಲ್ಲಿ 2023ರ ಫೆಬ್ರುವರಿಯಲ್ಲಿ ನಡೆದ ಘಟನೆಯೇ ಸಾಕು. ಅದನ್ನು ಅರ್ಥ ಮಾಡಿಕೊಳ್ಳಲು ಮೊದಲು ಈ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ನೋಡಬೇಕು.

ಹಳಿಯೂ ಒಂದು ಕಾರ್ಖಾನೆ

ಕಾರ್ಖಾನೆಯೊಂದರ ನಿಯಂತ್ರಣ ಕೊಠಡಿಯಲ್ಲಿ ಕುಳಿತವನು ಯಂತ್ರಗಳನ್ನು ಕೈಯಿಂದ ಮುಟ್ಟುವುದಿಲ್ಲ. ಒತ್ತಡ, ಉಷ್ಣತೆ, ವೇಗ ಮೊದಲಾದವನ್ನು ಅಳೆಯುವ ಸಾಧನಗಳು ತಂತಿಯ ಮೂಲಕ ಸುದ್ದಿ ಕಳುಹಿಸುತ್ತವೆ. ನಿಯಂತ್ರಕವು ಆ ಸುದ್ದಿಯನ್ನು ಆಧರಿಸಿ ಮೋಟಾರು, ಕವಾಟಗಳಿಗೆ ಆಜ್ಞೆ ನೀಡುತ್ತದೆ. ಅಳೆಯುವವರು, ಯೋಚಿಸುವವರು, ಮಾಡುವವರು ಎಂಬ ಈ ಮೂವರನ್ನು ಜೋಡಿಸುವ ತಂತಿಜಾಲವೇ ಕೈಗಾರಿಕಾ ನಿಯಂತ್ರಣ ಜಾಲ.

ರೈಲು ನಿಲ್ದಾಣದ ಸಿಗ್ನಲ್ ವ್ಯವಸ್ಥೆಯೂ ಇದೇ ಜಾತಿಗೆ ಸೇರಿದ್ದು. ಹಳಿಯ ಮೇಲೆ ರೈಲು ಇದೆಯೇ ಎಂದು ಹೇಳುವ ಸಾಧನಗಳಿವೆ. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟುಗಳಿವೆ, ಅವನ್ನು ಎಳೆಯುವ ಮೋಟಾರುಗಳಿವೆ. ಇವೆಲ್ಲದರ ನಡುವೆ ನಿಂತು, ಪಾಯಿಂಟು ಸರಿಯಾದ ದಿಕ್ಕಿಗೆ ಕೂತು ಬಿಗಿಯಾಗದ ಹೊರತು, ಎದುರಿನ ಹಳಿ ಖಾಲಿ ಇರದ ಹೊರತು ಹಸಿರು ದೀಪ ಹೊತ್ತಿಕೊಳ್ಳದಂತೆ ತಡೆಯುವ ವ್ಯವಸ್ಥೆಗೆ ಇಂಟರ್‌ಲಾಕಿಂಗ್ ಎಂದು ಹೆಸರು. ಹಳೆಯ ನಿಲ್ದಾಣಗಳಲ್ಲಿ ಇದನ್ನು ರಿಲೇಗಳು ಮಾಡುತ್ತಿದ್ದವು. ಈಗ ಅನೇಕ ಕಡೆ ಕಂಪ್ಯೂಟರುಗಳೇ ಮಾಡುತ್ತವೆ. ಹಳಿಯ ಬದಿಯಲ್ಲಿ ಅಲ್ಲಲ್ಲಿ ಕಾಣುವ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆಗಳು ಈ ಜಾಲದ ಗಂಟುಗಳು. ಸಿಬ್ಬಂದಿಯ ಮಾತಿನಲ್ಲಿ ಅವು ‘ಲೊಕೇಶನ್ ಬಾಕ್ಸ್’. ನಿಲ್ದಾಣದಿಂದ ಬಂದ ಕೇಬಲ್ಲುಗಳು ಅಲ್ಲಿ ಬಿಚ್ಚಿಕೊಂಡು ಸಿಗ್ನಲ್ಲಿಗೆ, ಪಾಯಿಂಟಿಗೆ ಹಂಚಿಹೋಗುತ್ತವೆ.

ಗಾಲಿ ಎಣಿಸುವ ಯಂತ್ರ

ಒಂದು ನಿಲ್ದಾಣದಿಂದ ಮುಂದಿನ ನಿಲ್ದಾಣದವರೆಗಿನ ಹಳಿಗೆ ಬ್ಲಾಕ್ ಸೆಕ್ಷನ್ ಎನ್ನುತ್ತಾರೆ. ಅದರೊಳಗೆ ಒಂದು ದಿಕ್ಕಿನಲ್ಲಿ ಒಂದು ಸಮಯಕ್ಕೆ ಒಂದೇ ರೈಲು ಇರಬೇಕೆಂಬುದು ಮೂಲ ನಿಯಮ. ಹಿಂದಿನ ರೈಲು ಪೂರ್ತಿಯಾಗಿ ಹೊರಬಿದ್ದಿದೆಯೆಂದು ಮುಂದಿನ ನಿಲ್ದಾಣ ಖಚಿತಪಡಿಸಿ, ‘ಲೈನ್ ಕ್ಲಿಯರ್’ ಕೊಟ್ಟ ಮೇಲಷ್ಟೇ ಇತ್ತಲಿನ ಸ್ಟೇಷನ್ ಮಾಸ್ಟರ್ ರೈಲು ಬಿಡಬಹುದು. ಏಕಪಥ ಮಾರ್ಗಗಳಲ್ಲಿ ಲೋಹದ ಚೆಂಡನ್ನು ಚೀಲದಲ್ಲಿಟ್ಟು ಚಾಲಕನಿಗೆ ಕೊಡುತ್ತಿದ್ದ ಟೋಕನ್ ಪದ್ಧತಿ ಹಿರಿಯರಿಗೆ ನೆನಪಿರಬಹುದು. ಆ ಚೆಂಡೇ ಅಂದಿನ ಸಂಪರ್ಕ ಸಂದೇಶ.

ಈಗ ಹಲವು ಮಾರ್ಗಗಳಲ್ಲಿ ಆ ಕೆಲಸವನ್ನು ಇರುಸುಗಳನ್ನು ಎಣಿಸುವ ಯಂತ್ರ, ಅಂದರೆ ಆಕ್ಸಲ್ ಕೌಂಟರ್ ಮಾಡುತ್ತದೆ. ಹಳಿಗೆ ಬಿಗಿದ ಸುರುಳಿಗಳ ನಡುವಿನ ಕಾಂತಕ್ಷೇತ್ರವನ್ನು ಗಾಲಿ ಹಾದುಹೋದಾಗ ಆಗುವ ವ್ಯತ್ಯಾಸದಿಂದ ಪ್ರತಿ ಇರುಸೂ ಲೆಕ್ಕಕ್ಕೆ ಸಿಗುತ್ತದೆ. 24 ಬೋಗಿಗಳ ಪ್ರಯಾಣಿಕ ರೈಲಿಗೆ ಬೋಗಿಯೊಂದಕ್ಕೆ 4ರಂತೆ 96, ಎಂಜಿನ್ನಿನ 6 ಸೇರಿ 102 ಇರುಸುಗಳು. ಈ ತುದಿಯಲ್ಲಿ ಒಳಹೋದವು 102, ಆ ತುದಿಯಲ್ಲಿ ಹೊರಬಂದವೂ 102 ಆದರೆ ಸೆಕ್ಷನ್ ಖಾಲಿ. ಒಂದು ಬೋಗಿ ಕಳಚಿ ಹಿಂದೆ ಉಳಿದಿದ್ದರೂ ಲೆಕ್ಕ 98ಕ್ಕೆ ನಿಲ್ಲುತ್ತದೆ. ಹಳಿ ಖಾಲಿಯಿಲ್ಲವೆಂದು ತಿಳಿಯುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎಣಿಕೆ ನಡೆಯುವುದು ಹಲವು ಕಿಲೋಮೀಟರು ದೂರದ ಎರಡು ಊರುಗಳಲ್ಲಿ. ಒಂದರ ಲೆಕ್ಕ ಇನ್ನೊಂದಕ್ಕೆ ತಲುಪದಿದ್ದರೆ ಹೋಲಿಕೆಯೇ ಸಾಧ್ಯವಿಲ್ಲ. ಆದ್ದರಿಂದ ಎರಡೂ ತುದಿಗಳು ತಾಮ್ರದ ಕೇಬಲ್ ಅಥವಾ ಆಪ್ಟಿಕಲ್ ಫೈಬರ್ ಮೂಲಕ ಬಿಡುವಿಲ್ಲದೆ ಮಾತಾಡುತ್ತಿರಬೇಕು. ಆ ಮಾತು ಕಡಿದರೆ ಗಾಲಿಗಳ ಲೆಕ್ಕಕ್ಕೆ ಬೆಲೆಯಿಲ್ಲ.

ಮೌನವೆಂದರೆ ಕೆಂಪು

ಮನೆಯ ದೂರವಾಣಿಯಲ್ಲಿ ಮಾತು ಕೇಳಿಸದಿದ್ದರೆ ಮತ್ತೊಮ್ಮೆ ಕರೆ ಮಾಡಿದರಾಯಿತು. ನಿಯಂತ್ರಣ ಜಾಲದಲ್ಲಿ ಹಾಗಲ್ಲ. ಅತ್ತಲಿಂದ ಸುದ್ದಿ ಬಾರದಿದ್ದಾಗ ‘ಏನೂ ತೊಂದರೆಯಿಲ್ಲದಿರಬಹುದು’ ಎಂದು ಊಹಿಸುವುದೋ, ‘ಏನೋ ತೊಂದರೆಯಾಗಿದೆ’ ಎಂದು ಊಹಿಸುವುದೋ ಎಂಬುದನ್ನು ವಿನ್ಯಾಸಕಾರರು ಮೊದಲೇ ನಿರ್ಧರಿಸಬೇಕು. ರೈಲ್ವೆ ಸಿಗ್ನಲ್ ಶಾಸ್ತ್ರ ಎರಡನೆಯದನ್ನು ಆರಿಸಿಕೊಂಡಿದೆ. ಸಿಗ್ನಲ್ ರಿಲೇಗೆ ವಿದ್ಯುತ್ ಹರಿದಾಗ ಮಾತ್ರ ಅದು ಮೇಲೆದ್ದು ಅನುಮತಿ ಕೊಡುತ್ತದೆ. ತಂತಿ ತುಂಡಾದರೂ, ಬ್ಯಾಟರಿ ಸತ್ತರೂ ತನ್ನ ಭಾರದಿಂದ ತಾನೇ ಕೆಳಗೆ ಬೀಳುತ್ತದೆ. ಕೆಂಪು ದೀಪ ಹೊತ್ತಿಕೊಳ್ಳುತ್ತದೆ.

ಡಿಜಿಟಲ್ ಸಂದೇಶಗಳ ಕಾಲದಲ್ಲಿ ಈ ತತ್ವ ಇನ್ನಷ್ಟು ಸೂಕ್ಷ್ಮವಾಗಿದೆ. ಸಂದೇಶ ಬಾರದಿರುವುದೊಂದೇ ಅಪಾಯವಲ್ಲ. ರೈಲ್ವೆ ಸುರಕ್ಷಾ ಸಂವಹನಕ್ಕೆ ಸಂಬಂಧಿಸಿದ ಯುರೋಪಿಯನ್ ಮಾನದಂಡ ಇಎನ್ 50159 ಏಳು ಬಗೆಯ ಕುತ್ತುಗಳನ್ನು ಹೆಸರಿಸುತ್ತದೆ: ಹಳೆಯ ಸಂದೇಶವೇ ಮತ್ತೆ ಬರುವುದು, ಸಂದೇಶ ಕಳೆದುಹೋಗುವುದು, ಕಳುಹಿಸದ ಸಂದೇಶ ನಡುವೆ ಸೇರಿಕೊಳ್ಳುವುದು, ಕ್ರಮ ಪಲ್ಲಟವಾಗುವುದು, ಒಳಗಿನ ಅಂಕಿಗಳು ಕೆಡುವುದು, ತಡವಾಗಿ ಬರುವುದು ಮತ್ತು ಬೇರೊಬ್ಬರ ಸೋಗಿನಲ್ಲಿ ಬರುವುದು. ಇವುಗಳಿಂದ ಪಾರಾಗಲು ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ, ಕಳುಹಿಸಿದವರ ಗುರುತು, ಅಂಕಿಗಳನ್ನು ತಾಳೆ ನೋಡುವ ಸಂಕೇತಗಳನ್ನು ಜೋಡಿಸುತ್ತಾರೆ. ನಿಗದಿತ ಸಮಯದೊಳಗೆ ಹೊಸ ಸಂದೇಶ ಬಾರದಿದ್ದರೆ ಸ್ವೀಕರಿಸುವ ಯಂತ್ರ ಹಳೆಯದನ್ನು ನಂಬಿ ಕೂರದೆ ಕೆಂಪಿಗೆ ತಿರುಗುತ್ತದೆ.

ಹೀಗೆ ಕೆಟ್ಟಾಗ ಸುರಕ್ಷಿತ ಸ್ಥಿತಿಗೆ ಬೀಳುವುದನ್ನು ಸುರಕ್ಷಿತ ಬದಿಯ ವೈಫಲ್ಯವೆಂದೂ, ಕೆಟ್ಟಾಗಲೂ ಹಸಿರು ತೋರುವುದನ್ನು ಅಸುರಕ್ಷಿತ ಬದಿಯ ವೈಫಲ್ಯವೆಂದೂ ಕರೆಯಲಾಗುತ್ತದೆ. ಊರ ಹೊರಗೆ ರೈಲು ಸುಮ್ಮನೆ ನಿಂತಿದ್ದರೆ ಅದು ಮೊದಲನೆಯ ಬಗೆ. ಪ್ರಯಾಣಿಕನಿಗೆ ಅದು ಕಿರಿಕಿರಿ. ವ್ಯವಸ್ಥೆಯ ದೃಷ್ಟಿಯಿಂದ ಅದು ತನ್ನ ಕರ್ತವ್ಯವನ್ನು ಮಾಡಿದೆ.

ದೋಷ ಹುಡುಕುವ ಬಗೆ

ಮಾತು ನಿಂತಿದೆಯೆಂದು ತಿಳಿದ ಮೇಲೆ ಸಿಗ್ನಲ್ ಸಿಬ್ಬಂದಿಯ ಕೆಲಸ ಆರಂಭ. ಅನುಭವಿ ತಂತ್ರಜ್ಞರು ಮೊದಲು ನೋಡುವುದು ವಿದ್ಯುತ್ ಪೂರೈಕೆಯನ್ನು. ಚಾರ್ಜರ್ ನಿಂತು ಬ್ಯಾಟರಿ ಇಳಿದಿದ್ದರೆ ಎಲ್ಲ ಉಪಕರಣಗಳೂ ವಿಚಿತ್ರವಾಗಿ ವರ್ತಿಸುತ್ತವೆ. ಅದನ್ನು ನೋಡದೆ ಕಾರ್ಡುಗಳನ್ನು ಬದಲಿಸಿದರೆ ಹೊತ್ತು ಹೋಗುವುದಷ್ಟೇ. ನಂತರ ಸರದಿ ಜೋಡಣೆಗಳದು: ಸಡಿಲಗೊಂಡ ಸ್ಕ್ರೂ, ತುಕ್ಕು ಹಿಡಿದ ತುದಿ, ಇಲಿ ಕಚ್ಚಿದ ತಂತಿ, ಲೊಕೇಶನ್ ಬಾಕ್ಸಿನೊಳಗೆ ಸೇರಿದ ಮಳೆನೀರು.

ಆಮೇಲೆ ಕೇಬಲ್. ಎಂಟು ಕಿಲೋಮೀಟರಿನ ಕೇಬಲ್ಲಿನಲ್ಲಿ ಕಿಲೋಮೀಟರಿಗೊಂದು ಪೆಟ್ಟಿಗೆಯಿದೆ ಎಂದಿಟ್ಟುಕೊಳ್ಳಿ. ಒಂದು ತುದಿಯಿಂದ ಪ್ರತಿ ಪೆಟ್ಟಿಗೆಯನ್ನೂ ತೆರೆಯುತ್ತ ಹೋಗುವುದು ದಡ್ಡತನ. ಮಧ್ಯದ ಪೆಟ್ಟಿಗೆಯಲ್ಲಿ ಪರೀಕ್ಷಿಸಿದರೆ ದೋಷ ಎಡಕ್ಕೋ ಬಲಕ್ಕೋ ತಿಳಿಯುತ್ತದೆ. ಉಳಿದ ಅರ್ಧದ ಮಧ್ಯದಲ್ಲಿ ಮತ್ತೊಮ್ಮೆ. ಮೂರು ಪರೀಕ್ಷೆಗಳಲ್ಲಿ ಎಂಟು ಕಿಲೋಮೀಟರು ಒಂದಕ್ಕೆ ಇಳಿಯುತ್ತದೆ.

ಎರಡು ತಂತಿಗಳು ಒಂದಕ್ಕೊಂದು ತಗುಲಿದ್ದರೆ ದೂರವನ್ನು ಲೆಕ್ಕದಿಂದಲೇ ಹೇಳಬಹುದು. 0.9 ಮಿಲಿಮೀಟರ್ ದಪ್ಪದ ತಾಮ್ರದ ಜೋಡಿ ತಂತಿಗೆ ಹೋಗಿ ಬರುವ ದಾರಿಯ ರೋಧ ಕಿಲೋಮೀಟರಿಗೆ ಸುಮಾರು 55 ಓಮ್. ಮೀಟರ್ 220 ಓಮ್ ತೋರಿದರೆ ತಂತಿ ತಗುಲಿರುವುದು ಸುಮಾರು 4 ಕಿಲೋಮೀಟರು ದೂರದಲ್ಲಿ. ಅಲ್ಲಿ ಇತ್ತೀಚೆಗೆ ಜೆಸಿಬಿ ಮಣ್ಣು ಅಗೆದಿದೆಯೇ ಎಂದು ವಿಚಾರಿಸುವುದು ಮುಂದಿನ ಹೆಜ್ಜೆ. ಕೇಬಲ್ಲಿನ ಹೊದಿಕೆಯ ನಿರೋಧವನ್ನು ಮೆಗ್ಗರ್ ಎಂಬ ಉಪಕರಣದಿಂದ ಅಳೆಯುತ್ತಾರೆ. ಅದು ನೂರಾರು ವೋಲ್ಟ್ ಹರಿಸುವುದರಿಂದ ಮೊದಲು ಎಲೆಕ್ಟ್ರಾನಿಕ್ ಕಾರ್ಡುಗಳನ್ನು ಬೇರ್ಪಡಿಸದಿದ್ದರೆ ಒಂದು ದೋಷ ಹುಡುಕಲು ಹೋಗಿ ಇನ್ನೊಂದನ್ನು ತಂದುಕೊಂಡಂತಾಗುತ್ತದೆ.

ಮಲೆನಾಡಿನ ಅಂಚಿನಲ್ಲಿ ಮುಂಗಾರು ಪೂರ್ವದ ಗುಡುಗು ಮಳೆಯದು ಬೇರೆಯೇ ಕಾಟ. ಸಿಡಿಲು ನೇರವಾಗಿ ಬಡಿಯಬೇಕೆಂದಿಲ್ಲ. ಹತ್ತಿರದಲ್ಲಿ ಬಿದ್ದರೂ ಉದ್ದನೆಯ ಕೇಬಲ್ಲಿನಲ್ಲಿ ವೋಲ್ಟೇಜ್ ಏರಿ ಮೋಡೆಮ್ ಸುಡಬಹುದು. ಅದನ್ನು ನೆಲಕ್ಕಿಳಿಸುವ ರಕ್ಷಕಗಳಿದ್ದರೂ ಅರ್ಥಿಂಗ್ ಸರಿಯಿಲ್ಲದಿದ್ದರೆ ಅವು ನಿಷ್ಪ್ರಯೋಜಕ. ವಿದ್ಯುದೀಕರಣಗೊಂಡ ಮಾರ್ಗಗಳಲ್ಲಿ ತಲೆಯ ಮೇಲಿನ 25,000 ವೋಲ್ಟ್ ತಂತಿಯ ಪ್ರಭಾವವೂ ಪಕ್ಕದ ತಾಮ್ರದ ಕೇಬಲ್ಲಿಗೆ ತಗಲುತ್ತದೆ. ಫೈಬರ್‌ಗೆ ಈ ಬಾಧೆಯಿಲ್ಲ.

ಕಾರ್ಖಾನೆಗಳಲ್ಲಿ ಇದೇ ಕತೆಗೆ ಬೇರೆ ಪಾತ್ರಗಳು. ಅಲ್ಲಿ ಬಹಳವಾಗಿ ಬಳಕೆಯಲ್ಲಿರುವ ಆರ್‌ಎಸ್-485 ತಂತಿಯ ಎರಡೂ ತುದಿಗಳಲ್ಲಿ 120 ಓಮಿನ ನಿರೋಧಕ ಇರಬೇಕು. ಅದಿಲ್ಲದಿದ್ದರೆ ಸಂದೇಶ ತುದಿಗೆ ಬಡಿದು ಪ್ರತಿಧ್ವನಿಯಂತೆ ಹಿಂದಿರುಗಿ ಮುಂದಿನ ಸಂದೇಶವನ್ನು ಕೆಡಿಸುತ್ತದೆ. ಎರಡು ಉಪಕರಣಗಳಿಗೆ ಒಂದೇ ವಿಳಾಸ ಕೊಟ್ಟಿದ್ದರೆ ಇಬ್ಬರೂ ಒಟ್ಟಿಗೆ ಉತ್ತರಿಸಿ ಯಾರ ಮಾತೂ ಕೇಳಿಸದಂತಾಗುತ್ತದೆ. ಹುಡುಕುವ ಕ್ರಮ ಮಾತ್ರ ಒಂದೇ: ವಿದ್ಯುತ್, ಜೋಡಣೆ, ತಂತಿ, ಆಮೇಲೆ ಉಪಕರಣ.

ಬಂದು ಹೋಗುವ ದೋಷ

ಪೂರ್ತಿ ಕೆಟ್ಟದ್ದನ್ನು ಹುಡುಕುವುದು ಸುಲಭ. ಬೆಳಿಗ್ಗೆ ಕಾಣಿಸಿಕೊಂಡು ಮಧ್ಯಾಹ್ನಕ್ಕೆ ಮಾಯವಾಗುವ ದೋಷವೇ ತಂತ್ರಜ್ಞರ ನಿಜವಾದ ಶತ್ರು. ಸಿಬ್ಬಂದಿ ಸ್ಥಳಕ್ಕೆ ಬರುವಷ್ಟರಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಇದಕ್ಕಾಗಿ ನಿಲ್ದಾಣಗಳಲ್ಲಿ ಡೇಟಾ ಲಾಗರ್ ಎಂಬ ಗುಮಾಸ್ತನಿದ್ದಾನೆ. ಯಾವ ರಿಲೇ ಯಾವ ಕ್ಷಣ ಎದ್ದಿತು, ಬಿತ್ತು ಎಂಬುದನ್ನೆಲ್ಲ ಅದು ಗಳಿಗೆ ಸಹಿತ ಬರೆದಿಡುತ್ತದೆ. ಆ ದಾಖಲೆಯನ್ನು ಮಳೆಯ, ಬಿಸಿಲಿನ, ಹಾದುಹೋದ ರೈಲಿನ ಸಮಯದೊಂದಿಗೆ ಹೋಲಿಸಿದಾಗ ಸುಳಿವು ಸಿಗುತ್ತದೆ.

ಚಿಕ್ಕ ದೋಷವನ್ನು ‘ಸದ್ಯಕ್ಕೆ ಸರಿಯಾಗಿದೆ’ ಎಂದು ಬಿಡುವುದು ಏಕೆ ಕೂಡದು ಎಂಬುದಕ್ಕೆ ನೆಲಕ್ಕೆ ಸೋರುವ ವಿದ್ಯುತ್ತೇ ಉದಾಹರಣೆ. ಒಂದು ತಂತಿಯ ಹೊದಿಕೆ ಸವೆದು ನೆಲಕ್ಕೆ ತಗುಲಿದರೆ ಏನೂ ಆಗುವುದಿಲ್ಲ. ಎಲ್ಲವೂ ಎಂದಿನಂತೆ ನಡೆಯುತ್ತದೆ. ಆದರೆ ಅದೇ ಮಂಡಲದಲ್ಲಿ ಇನ್ನೊಂದು ಕಡೆಯೂ ಹಾಗೆಯೇ ಆದರೆ, ವಿದ್ಯುತ್ತು ತಾನು ದಾಟಬೇಕಿದ್ದ ಸುರಕ್ಷತಾ ಸ್ವಿಚ್ಚನ್ನು ತಪ್ಪಿಸಿ ನೆಲದ ದಾರಿಯಲ್ಲಿ ರಿಲೇಯನ್ನು ತಲುಪಬಹುದು. ಆಗ ಬೀಳಬೇಕಾದ ರಿಲೇ ಎದ್ದೇ ಇರುತ್ತದೆ. ಎರಡು ನಿರುಪದ್ರವಿ ದೋಷಗಳು ಸೇರಿ ಒಂದು ಸುಳ್ಳು ಹಸಿರಾಗುವುದು ಹೀಗೆ.

ಹೊಸದುರ್ಗ ರೋಡ್‌ನ ಎಚ್ಚರಿಕೆ

ಸಂಪರ್ಕ ಕೆಟ್ಟು ಸಿಗ್ನಲ್ ಕೆಂಪಾದಾಗ ರೈಲುಗಳನ್ನು ದಿನಗಟ್ಟಲೆ ನಿಲ್ಲಿಸಲಾಗದು. ಅದಕ್ಕೆಂದೇ ಬದಲಿ ವಿಧಾನವಿದೆ. ಎರಡೂ ಕಡೆಯ ಸ್ಟೇಷನ್ ಮಾಸ್ಟರರು ದೂರವಾಣಿಯಲ್ಲಿ ಮಾತಾಡಿ, ಗುಪ್ತ ಸಂಖ್ಯೆಗಳನ್ನು ವಿನಿಮಯ ಮಾಡಿಕೊಂಡು, ಹಳಿ ಖಾಲಿಯಿರುವುದನ್ನು ಖಚಿತಪಡಿಸಿಕೊಂಡು ಚಾಲಕನಿಗೆ ಲಿಖಿತ ಅನುಮತಿ ಕೊಡುತ್ತಾರೆ. ಇದು ಕಾಗದದ ಲೈನ್ ಕ್ಲಿಯರ್. ಅದನ್ನು ಹಿಡಿದ ಚಾಲಕ ಕೆಂಪು ದೀಪವನ್ನು ದಾಟಿ ಹೋಗಬಹುದು. ಯಂತ್ರದ ಕಾವಲು ಸರಿದು ಮನುಷ್ಯರ ಕಾವಲು ಆರಂಭವಾಗುವ ಗಳಿಗೆ ಅದು.

2023ರ ಫೆಬ್ರುವರಿ 8ರ ಸಂಜೆ ಮೈಸೂರು ವಿಭಾಗದ ಬೀರೂರು–ಚಿಕ್ಕಜಾಜೂರು ನಡುವಿನ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಆಗಿದ್ದೂ ಇದೇ. ಸೆಕ್ಷನ್ನಿನ ಆಕ್ಸಲ್ ಕೌಂಟರ್ ವಿಫಲವಾಗಿತ್ತು. ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಕಾಗದದ ಅನುಮತಿಯ ಮೇಲೆ ಹೊರಡಲು ಅವಕಾಶ ನೀಡಲಾಗಿತ್ತು. ಸ್ಟೇಷನ್ ಮಾಸ್ಟರರ ಫಲಕದಲ್ಲಿ ಮಾರ್ಗ ಸರಿಯಾಗಿಯೇ ಕಾಣುತ್ತಿತ್ತು. ಆದರೆ ರೈಲು ಹೊರಟ ಮೇಲೆ ಪಾಯಿಂಟು ಬದಲಾಗಿ, ಎದುರು ದಿಕ್ಕಿನ ರೈಲುಗಳು ಬರುವ ಹಳಿಗೆ ದಾರಿ ತೆರೆದುಕೊಂಡಿತ್ತು. ಲೋಕೊ ಪೈಲಟ್ ಅದನ್ನು ಗಮನಿಸಿ, ತಪ್ಪು ಹಳಿಗೆ ಹೋಗುವ ಮುನ್ನವೇ ರೈಲು ನಿಲ್ಲಿಸಿದರು.

ಯಾರಿಗೂ ಗಾಯವಾಗಲಿಲ್ಲ, ಅದು ದೊಡ್ಡ ಸುದ್ದಿಯೂ ಆಗಲಿಲ್ಲ. ಆದರೆ ಮರುದಿನವೇ ನೈಋತ್ಯ ರೈಲ್ವೆಯ ಪ್ರಧಾನ ಮುಖ್ಯ ಕಾರ್ಯಾಚರಣೆ ವ್ಯವಸ್ಥಾಪಕರು ಬರೆದ ಪತ್ರ ಗಂಭೀರವಾಗಿತ್ತು. ಸಿಗ್ನಲ್ ಮೇಲೆ ರೈಲು ಹೊರಟ ಬಳಿಕವೂ ಮಾರ್ಗ ಬದಲಾಗುತ್ತದೆಂದರೆ ವ್ಯವಸ್ಥೆಯಲ್ಲಿ ಗಂಭೀರ ಲೋಪವಿದೆ, ಅದು ಇಂಟರ್‌ಲಾಕಿಂಗ್‌ನ ಮೂಲ ತತ್ವಕ್ಕೇ ವಿರುದ್ಧ, ಸಿಗ್ನಲ್ ನಿರ್ವಹಣೆಯನ್ನು ಕೂಡಲೇ ಸರಿಪಡಿಸದಿದ್ದರೆ ದೊಡ್ಡ ಅಪಘಾತಗಳಾಗಬಹುದು ಎಂಬುದು ಅದರ ಸಾರಾಂಶ. ಏಪ್ರಿಲ್‌ನಲ್ಲಿ ರೈಲ್ವೆ ಮಂಡಳಿಯೂ ವಲಯಗಳಿಗೆ ಪತ್ರ ಬರೆದು, ಸಿಗ್ನಲ್ ದೋಷಗಳನ್ನು ಸರಿಪಡಿಸುವಾಗ ಕ್ಷೇತ್ರ ಸಿಬ್ಬಂದಿ ಅಡ್ಡದಾರಿ ಹಿಡಿಯುತ್ತಿರುವುದನ್ನೂ, ಸರಿಯಾದ ಪರೀಕ್ಷೆಯಿಲ್ಲದೆ ಉಪಕರಣಗಳನ್ನು ಮರುಜೋಡಿಸುತ್ತಿರುವುದನ್ನೂ ಆಕ್ಷೇಪಿಸಿತ್ತು.

ಬಾಲಸೋರ್, ಕ್ಲಾಫಮ್

ಹೊಸದುರ್ಗ ರೋಡ್‌ನ ಪತ್ರಕ್ಕೆ ನಾಲ್ಕು ತಿಂಗಳೂ ತುಂಬಿರಲಿಲ್ಲ. 2023ರ ಜೂನ್ 2ರ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಹಾನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ ಎಕ್ಸ್‌ಪ್ರೆಸ್ ಗಂಟೆಗೆ ಸುಮಾರು 128 ಕಿಲೋಮೀಟರ್ ವೇಗದಲ್ಲಿ ಪಕ್ಕದ ಲೂಪ್ ಹಳಿಗೆ ನುಗ್ಗಿ, ಅಲ್ಲಿ ನಿಂತಿದ್ದ ಅದಿರಿನ ಗೂಡ್ಸ್ ರೈಲಿಗೆ ಅಪ್ಪಳಿಸಿತು. ಉರುಳಿದ ಬೋಗಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ರೈಲಿನ ಕೊನೆಯ ಬೋಗಿಗಳಿಗೆ ಬಡಿದವು. ಸತ್ತವರು 290ಕ್ಕೂ ಹೆಚ್ಚು ಮಂದಿ.

ಚಾಲಕನಿಗೆ ಮುಖ್ಯ ಹಳಿಯ ಹಸಿರು ದೀಪ ಕಂಡಿತ್ತು. ಪಾಯಿಂಟು ಮಾತ್ರ ಲೂಪ್ ಹಳಿಗೆ ತಿರುಗಿತ್ತು. ಉತ್ತರ ದಿಕ್ಕಿನ ಸಿಗ್ನಲ್ ಗೂಮಟಿಯಲ್ಲಿ ಹಿಂದೆ ಮಾಡಿದ ಮಂಡಲ ಬದಲಾವಣೆಯಲ್ಲಿನ ಲೋಪ ಮತ್ತು 94ನೇ ಸಂಖ್ಯೆಯ ಲೆವೆಲ್ ಕ್ರಾಸಿಂಗ್ ಗೇಟಿನ ತಡೆಗಂಬವನ್ನು ಬದಲಿಸುವ ಸಂದರ್ಭದ ಸಿಗ್ನಲ್ ಕೆಲಸದಲ್ಲಿನ ಲೋಪಗಳೇ ಇದಕ್ಕೆ ಕಾರಣವೆಂದು ರೈಲ್ವೆ ಸುರಕ್ಷಾ ಆಯುಕ್ತರ ತನಿಖೆ ಹೇಳಿತು. ಪೆಟ್ಟಿಗೆಯೊಳಗಿನ ತಂತಿಗಳ ಹೆಸರುಪಟ್ಟಿ ತಪ್ಪಾಗಿದ್ದುದು ವರ್ಷಗಳ ಕಾಲ ಯಾರ ಗಮನಕ್ಕೂ ಬಂದಿರಲಿಲ್ಲ. ಅದೇ ಖರಗ್‌ಪುರ ವಿಭಾಗದ ಬಾಂಕ್ರಾನಯಾಬಾಜ್ ನಿಲ್ದಾಣದಲ್ಲಿ 2022ರ ಮೇ 16ರಂದು ತಪ್ಪು ತಂತಿ ಜೋಡಣೆ ಹಾಗೂ ಕೇಬಲ್ ದೋಷದಿಂದ ಇಂಥದೇ ಘಟನೆ ನಡೆದಿತ್ತೆಂದೂ, ಆಗಲೇ ಎಚ್ಚೆತ್ತಿದ್ದರೆ ದುರಂತ ತಪ್ಪುತ್ತಿತ್ತೆಂದೂ ತನಿಖೆ ಎತ್ತಿ ತೋರಿತು.

ಇದು ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. 1988ರ ಡಿಸೆಂಬರ್ 12ರಂದು ಲಂಡನ್ನಿನ ಕ್ಲಾಫಮ್ ಜಂಕ್ಷನ್ ಬಳಿ ರೈಲುಗಳು ಡಿಕ್ಕಿಯಾಗಿ 35 ಮಂದಿ ಸತ್ತರು. ಹೊಸ ತಂತಿ ಜೋಡಿಸುವಾಗ ಹಳೆಯ ತಂತಿಯ ತುದಿಯನ್ನು ಕತ್ತರಿಸಿ ಕಟ್ಟದೆ ಬಿಟ್ಟಿದ್ದರು. ಅದು ಹಳೆಯ ಜಾಗಕ್ಕೇ ತಗುಲಿ, ಕೆಂಪಾಗಬೇಕಿದ್ದ ಸಿಗ್ನಲ್ ಕೆಂಪಾಗಲಿಲ್ಲ. ಆ ತಂತ್ರಜ್ಞ ಹಿಂದಿನ 13 ವಾರಗಳಲ್ಲಿ ಒಂದೇ ಒಂದು ದಿನ ರಜೆ ಪಡೆದಿದ್ದನೆಂಬುದೂ, ಅವನ ಕೆಲಸವನ್ನು ಮತ್ತೊಬ್ಬರು ತಂತಿ ಎಣಿಸಿ ಪರಿಶೀಲಿಸಲಿಲ್ಲವೆಂಬುದೂ ವಿಚಾರಣೆಯಲ್ಲಿ ಹೊರಬಂದವು.

ಈ ಘಟನೆಗಳಿಗೆ ಒಂದು ಸಮಾನ ಅಂಶವಿದೆ. ತಾನಾಗಿ ಕೆಟ್ಟ ಯಂತ್ರ ರೈಲನ್ನು ನಿಲ್ಲಿಸಿತು, ಇಲ್ಲವೇ ನಿಲ್ಲಿಸುತ್ತಿತ್ತು. ಅಪಾಯ ಹುಟ್ಟಿದ್ದು ಅದನ್ನು ಬದಲಿಸುವಾಗ, ಸರಿಪಡಿಸುವಾಗ ಅಥವಾ ಅದು ಸರಿಯಾಗುವ ಮುನ್ನವೇ ಸಂಚಾರ ಮುಂದುವರಿಸುವಾಗ.

ಕಾಗದದ ಬೇಲಿ

ಈ ಗಳಿಗೆಗೆಂದೇ ರೈಲ್ವೆಯಲ್ಲಿ ಒಂದು ಹಳೆಯ ಕಟ್ಟಳೆಯಿದೆ: ಡಿಸ್‌ಕನೆಕ್ಷನ್ ಮೆಮೊ. ಸಿಗ್ನಲ್ ಸಿಬ್ಬಂದಿ ಯಾವುದೇ ಉಪಕರಣಕ್ಕೆ ಕೈ ಹಾಕುವ ಮುನ್ನ ಸ್ಟೇಷನ್ ಮಾಸ್ಟರರಿಗೆ ಲಿಖಿತವಾಗಿ ತಿಳಿಸಿ, ಅವರ ಒಪ್ಪಿಗೆ ಪಡೆಯಬೇಕು. ಅಲ್ಲಿಂದ ಆ ಉಪಕರಣ ಇಲ್ಲವೆಂದೇ ಭಾವಿಸಿ ರೈಲುಗಳನ್ನು ನಡೆಸಬೇಕು. ಕೆಲಸ ಮುಗಿದ ಮೇಲೆ ಪರೀಕ್ಷೆ. ಆಮೇಲೆ ಮರುಜೋಡಣೆಯ ಮೆಮೊ.

ಪರೀಕ್ಷೆಯೆಂದರೆ ಫಲಕದಲ್ಲಿ ದೀಪ ಹೊತ್ತಿತೆಂದು ನೋಡುವುದಲ್ಲ. ಒಬ್ಬರು ಫಲಕದ ಮುಂದೆ ಕೂತು ಪಾಯಿಂಟನ್ನು ಎರಡೂ ದಿಕ್ಕಿಗೆ ತಿರುಗಿಸಬೇಕು, ಇನ್ನೊಬ್ಬರು ಹಳಿಯ ಬಳಿ ನಿಂತು ಅದು ನಿಜವಾಗಿ ಹಾಗೆ ತಿರುಗಿತೇ ಎಂದು ಕಣ್ಣಾರೆ ಕಂಡು ಹೇಳಬೇಕು. ಫಲಕದ ಮಾತಿಗೂ ಹಳಿಯ ಮಾತಿಗೂ ತಾಳೆಯಾದರೆ ಮಾತ್ರ ಸಂಪರ್ಕ ಸರಿಯಾಯಿತೆಂದು ಅರ್ಥ. ಹೊಸದುರ್ಗ ರೋಡ್‌ನಲ್ಲಿ ತಪ್ಪಿದ್ದೂ ಬಾಲಸೋರ್‌ನಲ್ಲಿ ತಪ್ಪಿದ್ದೂ ಈ ತಾಳೆಯೇ.

ಆಕ್ಸಲ್ ಕೌಂಟರಿಗೂ ಇಂಥದೇ ಎಚ್ಚರವಿದೆ. ಲೆಕ್ಕ ತಪ್ಪಿದ ಯಂತ್ರವನ್ನು ಶೂನ್ಯಕ್ಕೆ ತರುವ ಗುಂಡಿಯನ್ನು ಒತ್ತುವ ಮುನ್ನ ಸೆಕ್ಷನ್ ಖಾಲಿಯೆಂದು ಖಾತರಿಪಡಿಸಿಕೊಳ್ಳಬೇಕು. ಅನೇಕ ಡಿಜಿಟಲ್ ಕೌಂಟರುಗಳು ಗುಂಡಿ ಒತ್ತಿದ ಕೂಡಲೇ ‘ಖಾಲಿ’ ಎನ್ನುವುದಿಲ್ಲ. ಒಂದು ರೈಲು ಎಚ್ಚರಿಕೆಯಿಂದ ದಾಟಿ ಎರಡೂ ತುದಿಯ ಲೆಕ್ಕ ಸರಿಹೊಂದಿದ ಮೇಲಷ್ಟೇ ಒಪ್ಪುತ್ತವೆ. ಮನುಷ್ಯನ ಅವಸರಕ್ಕೆ ಯಂತ್ರವೇ ಹಾಕಿದ ಲಗಾಮು ಅದು.

ಬಾಲಸೋರ್ ದುರಂತದ ಮರುದಿನವೇ ರೈಲ್ವೆ ಮಂಡಳಿ ರಿಲೇ ಕೊಠಡಿಗಳಿಗೆ, ಗೂಮಟಿಗಳಿಗೆ ಜೋಡಿ ಬೀಗ ಹಾಕಬೇಕೆಂದೂ, ರಿಲೇ ಕೊಠಡಿಯ ಬಾಗಿಲು ತೆರೆದು ಮುಚ್ಚುವುದು ದಾಖಲಾಗಿ ಎಸ್‌ಎಂಎಸ್ ಹೋಗಬೇಕೆಂದೂ, ಮೆಮೊ ಪದ್ಧತಿಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದೂ ಸೂಚಿಸಿತು. ಜೋಡಿ ಬೀಗದ ಅರ್ಥ ಸರಳ. ಒಂದು ಕೀಲಿಕೈ ಸಿಗ್ನಲ್ ಸಿಬ್ಬಂದಿಯಲ್ಲಿ, ಇನ್ನೊಂದು ಸ್ಟೇಷನ್ ಮಾಸ್ಟರರಲ್ಲಿ. ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಒಳಹೋಗಲಾಗದು.

ರೈಲುಗಳ ಡಿಕ್ಕಿ ತಡೆಯುವ ‘ಕವಚ’ ವ್ಯವಸ್ಥೆಯ ಆರಂಭಿಕ ಪ್ರಯೋಗಗಳು ನಡೆದದ್ದು ಕಲಬುರಗಿ ಜಿಲ್ಲೆಯ ವಾಡಿ ಮತ್ತು ಬೀದರ್ ಕಡೆಯ ಮಾರ್ಗಗಳಲ್ಲಿ. ಅದು ಎಂಜಿನ್ ಮತ್ತು ನಿಲ್ದಾಣಗಳ ನಡುವೆ ರೇಡಿಯೊ ಮೂಲಕ ಮಾತಾಡುತ್ತದೆ. ಆದರೆ ಕವಚಕ್ಕೂ ಸಿಗ್ನಲ್‌ನ ಸ್ಥಿತಿಯನ್ನು ತಿಳಿಸುವುದು ಇದೇ ಇಂಟರ್‌ಲಾಕಿಂಗ್. ಕೆಳಗಿನ ತಂತಿ ಸುಳ್ಳು ಹೇಳಿದರೆ ಮೇಲಿನ ರೇಡಿಯೊ ಆ ಸುಳ್ಳನ್ನೇ ಸಾರುತ್ತದೆ.

ನೀರಿಗೂ ಇದೇ ನಿಯಮ

ಈ ಪಾಠ ರೈಲಿಗಷ್ಟೇ ಅಲ್ಲ. ಸಕಲೇಶಪುರ ತಾಲ್ಲೂಕಿನಲ್ಲಿ ಎತ್ತಿನಹೊಳೆ ಯೋಜನೆಯ ಏತ ಕಾಮಗಾರಿಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ಮಳೆಗಾಲದಲ್ಲಿ 24.01 ಟಿಎಂಸಿ ಅಡಿ ನೀರನ್ನು ಮೇಲೆತ್ತಿ ಬೇಲೂರು, ಅರಸೀಕೆರೆ ತಾಲ್ಲೂಕುಗಳನ್ನು ಹಾಯುವ ಸುಮಾರು 252 ಕಿಲೋಮೀಟರ್ ಉದ್ದದ ಗುರುತ್ವ ಕಾಲುವೆಯಲ್ಲಿ ಪೂರ್ವದ ಜಿಲ್ಲೆಗಳತ್ತ ಹರಿಸುವುದು ಯೋಜನೆಯ ಉದ್ದೇಶ.

ಇಂತಹ ಯಾವುದೇ ಏತ ನೀರಿನ ಯೋಜನೆಯಲ್ಲಿ ಪಂಪು ಒಂದೆಡೆ, ನೀರಿನ ಮಟ್ಟ ಅಳೆಯುವ ಸಾಧನ ಇನ್ನೊಂದೆಡೆ ಇರುತ್ತದೆ. ನಡುವಿನ ಸಂಪರ್ಕ ಕಡಿದಾಗ ಪರದೆಯ ಮೇಲೆ ಕೊನೆಯದಾಗಿ ಬಂದ ಅಂಕಿ ಹಾಗೆಯೇ ನಿಂತಿದ್ದರೆ ನೋಡುವವರಿಗೆ ಎಲ್ಲವೂ ಸರಿಯಾಗಿದೆಯೆಂದೇ ಅನಿಸುತ್ತದೆ. ಅತ್ತ ತೊಟ್ಟಿ ಉಕ್ಕುತ್ತಿರಬಹುದು, ಇಲ್ಲವೇ ಬತ್ತಿದ ಬಾವಿಯಲ್ಲಿ ಪಂಪು ಒಣಗಿ ತಿರುಗುತ್ತಿರಬಹುದು. ಆದ್ದರಿಂದ ಪ್ರತಿ ಅಂಕಿಯ ಪಕ್ಕದಲ್ಲಿ ಅದು ಬಂದ ಸಮಯವೂ ಕಾಣಬೇಕು, ಸಮಯ ಮೀರಿದರೆ ಎಚ್ಚರಿಕೆ ಮೊಳಗಬೇಕು, ಪಂಪು ತಾನಾಗಿ ಸುರಕ್ಷಿತ ಸ್ಥಿತಿಗೆ ಬರಬೇಕು. ಎಚ್ಚರಿಕೆಯ ಗಂಟೆ ಪದೇ ಪದೇ ಬಾರಿಸುತ್ತದೆಂದು ಅದರ ತಂತಿಯನ್ನೇ ಕಳಚಿಡುವುದು, ಮಂಡಲಕ್ಕೆ ಅಡ್ಡತಂತಿ ಕೊಟ್ಟು ಕೆಲಸ ಸಾಗಿಸುವುದು ಲೊಕೇಶನ್ ಬಾಕ್ಸಿನ ಅಡ್ಡದಾರಿಗಿಂತ ಬೇರೆಯಲ್ಲ.

ಕೇಳಬೇಕಾದ ಪ್ರಶ್ನೆ

ಅಡ್ಡದಾರಿಗೆ ಕಾರಣ ಸಿಬ್ಬಂದಿಯ ಅಜ್ಞಾನವೊಂದೇ ಅಲ್ಲ. ಒಂದು ಸೆಕ್ಷನ್ನಿನಲ್ಲಿ ಸಿಗ್ನಲ್ ಕೆಟ್ಟರೆ ಹಿಂದಿನ ರೈಲುಗಳೆಲ್ಲ ಸಾಲಾಗಿ ನಿಲ್ಲುತ್ತವೆ. ನಿಯಂತ್ರಣ ಕಚೇರಿಯಿಂದ ಕರೆಯ ಮೇಲೆ ಕರೆ. ನಿಲ್ದಾಣದಲ್ಲಿ ಪ್ರಯಾಣಿಕರ ಸಿಟ್ಟು. ಎಷ್ಟು ನಿಮಿಷ ತಡವಾಯಿತು ಎಂಬುದಕ್ಕೆ ಅಂದೇ ಲೆಕ್ಕವಿದೆ. ಎಷ್ಟು ಚೆನ್ನಾಗಿ ಪರೀಕ್ಷೆಯಾಯಿತು ಎಂಬುದಕ್ಕೆ ಅಪಘಾತವಾಗುವವರೆಗೆ ಲೆಕ್ಕವಿಲ್ಲ. ಮಳೆಯಲ್ಲಿ ಟಾರ್ಚು ಹಿಡಿದು ಪೆಟ್ಟಿಗೆಯ ಮುಂದೆ ಕೂತ ತಂತ್ರಜ್ಞನ ಕೈಯನ್ನು ಅವಸರಪಡಿಸುವುದು ಈ ಲೆಕ್ಕವೇ.

ಹೀಗಾಗಿ ರೈಲು ಊರ ಹೊರಗೆ ನಿಂತಾಗ ‘ಏಕೆ ನಿಂತಿತು’ ಎಂಬುದಕ್ಕಿಂತ, ಮತ್ತೆ ಹೊರಟಾಗ ‘ಹೇಗೆ ಸರಿಪಡಿಸಿದರು, ಯಾರು ಪರೀಕ್ಷಿಸಿದರು’ ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ. ರೈಲ್ವೆಯ ಒಳಗೂ ಹೊರಗೂ ಈ ಪ್ರಶ್ನೆ ಕೇಳುವವರು ಹೆಚ್ಚಬೇಕು. ಅರಸೀಕೆರೆಯಲ್ಲಿ ಕೊನೆಯ ಬಸ್ಸು ತಪ್ಪಿದರೆ ಬೆಳಗಿನ ಬಸ್ಸಿದೆ. ಹಳೇಬೀಡಿನ ಶಿಲ್ಪಗಳು ಎಂಟುನೂರು ವರ್ಷಕ್ಕೂ ಮಿಗಿಲಾಗಿ ಅಲ್ಲೇ ನಿಂತಿವೆ. ಇನ್ನೊಂದು ರಾತ್ರಿ ಕಾಯುವುದು ಅವಕ್ಕೆ ಕಷ್ಟವಲ್ಲ.